ಏಳನೇ ಹಲಗೆ

ಶುಕ್ರವಾರ ಸಂಜೆ, ಕೊಲೋನ್ ನಿಲ್ದಾಣ.
ಬರಬೇಕಿದ್ದ ರೈಲು ಎಲ್ಲೋ ಕೆಟ್ಟು ನಿಂತಿದೆಯಂತೆ.
ಬದಲಿಗೆ ಬಂದದ್ದು ಇದು:
ಬೆಳ್ಳಿ ಬಣ್ಣ ಮಾಸಿ, ತಳ ಹಿಡಿದ ಪಾತ್ರೆಯಂತಾದ
ಒಂದು ಕಾಲದ ದೊರೆಸಾನಿ.
'ಇದು ಹೋಗುತ್ತಾ?' ಎಂದು ಯಾರೋ ನಕ್ಕರು.
ನಾನು ನಗಲಿಲ್ಲ. ಒಳಗಿನ ಮರಗೆಲಸ ನನ್ನದು.

ನನ್ನೊಬ್ಬನದಲ್ಲ. ಡೀಟ್‌ಹೆಲ್ಮ್ ಇದ್ದ,
ಬೋಸ್ನಿಯಾದಿಂದ ಬಂದ ಮಿರ್ಸಾದ್ ಇದ್ದ,
ಹಲಗೆಯನ್ನು ಉಗುರಲ್ಲಿ ತಟ್ಟಿ ವಯಸ್ಸು ಹೇಳುವ
ಮುದುಕ ಲೋರೆಂಟ್ಸ್ ಇದ್ದ.
ಪೇರ್ ಮರ. ಮಗುವಿನ ಮೊಣಕೈಯ ಬಣ್ಣ.
ಒಂದು ಡಬ್ಬಿ ಕೆಲಸಕ್ಕೆ, ಒಂದು ಮೌನಕ್ಕೆ,
ಒಂದು ವೈನು ಹೀರುತ್ತ ಮಾತಾಡುವುದಕ್ಕೆ.
'ಇಲ್ಲಿ ಕೂರುವವರ ಒಂದು ಗಂಟೆ
ನಿಮ್ಮ ಒಂದು ವಾರ' ಎಂದಿದ್ದ ಮೇಸ್ತ್ರಿ,
ಬೈಗುಳವಾಗಿ ಅಲ್ಲ, ಅಳತೆ ಹೇಳುವವನ ಹಾಗೆ.

ಮೊದಲ ಓಡಾಟದ ದಿನ ಅಂಗಳದಲ್ಲಿ ನಮ್ಮನ್ನು ನಿಲ್ಲಿಸಿ
ಕಾಗದದ ಲೋಟದಲ್ಲಿ ನೊರೆವೈನು ಕೊಟ್ಟರು.
ನೋಡಬಹುದು, ಕಿಟಕಿಯಿಂದ.
ಒಳಗೆ ಹೋಗಬೇಡಿ, ಕಾರ್ಪೆಟ್ಟು ಹೊಸದು.

ಕೆಲವೇ ವರ್ಷ. ಲೆಕ್ಕ ಕೂಡಿಬರಲಿಲ್ಲ.
ಕೋಟು ತೊಟ್ಟವರು ವಿಮಾನ ಹತ್ತಿದರು
ಅಥವಾ ತಮ್ಮ ತಮ್ಮ ಕಾರಿನಲ್ಲೇ ಮೌನವಾಗಿ ಕೂತರು.
ಇದು ಊರಿನವರ ಪಾಲಾಯಿತು,
ಮದುವೆಗೆ ಹೊಲಿಸಿದ ಸೂಟು
ಕೊನೆಗೆ ಪೇಂಟು ಬಳಿಯುವ ದಿನಕ್ಕಾದಂತೆ.

ಇವತ್ತು, ನನ್ನ ಅರವತ್ತೆಂಟನೇ ವಯಸ್ಸಿನಲ್ಲಿ,
ಮೊದಲ ಸಲ ಇದರಲ್ಲಿ ಕೂತಿದ್ದೇನೆ.
ಬಾಗಿಲ ಮೇಲೆ 'ಮೌನ' ಎಂಬ ಫಲಕ ಇದ್ದ ಕಡೆ
ಈಗ ನಾಲ್ಕು ಸ್ಕ್ರೂ ತೂತು.
ಕೆಳಗೆ ಮೇಕೆ ಚಿತ್ರದ ಶಾಲು ಸುತ್ತಿದ ಹುಡುಗರು
ಸೋತ ಫುಟ್‌ಬಾಲ್ ಆಟವನ್ನು ಹಾಡಿ ಗೆಲ್ಲುತ್ತಿದ್ದಾರೆ.
ರಜೆಗೆ ಹೊರಟ ಸಿಪಾಯಿ ಬಾಯಿ ತೆರೆದು ಮಲಗಿದ್ದಾನೆ.
ಕೋಟಿಗಳ ಕರಾರಿಗೆ ನಾವು ಉಜ್ಜಿ ನುಣುಪು ಮಾಡಿದ ಮೇಜಿನ ಮೇಲೆ
ನುರ್ಗ್ಯುಲ್ ಎಂಬ ತಾಯಿ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಾಳೆ.
ಹೆಸರು ಹೇಗೆ ಗೊತ್ತಾಯಿತು? ಮಗ ಅವಳನ್ನು ಹೆಸರಿಟ್ಟೇ ಕೂಗುತ್ತಾನೆ,
ಅವಳು ಹೆಸರಿಟ್ಟೇ ಗದರುತ್ತಾಳೆ.
ಚರ್ಮದ ಸೀಟಿಗೆ ಮೊಟ್ಟೆಯ ವಾಸನೆ.
ಚೆನ್ನಾಗಿ ಹಿಡಿಯುತ್ತದೆ; ಒಳ್ಳೆಯ ಚರ್ಮ.

ಡಾರ್ಟ್‌ಮುಂಡ್ ದಾಟಿತು. ಎದುರಿಗೆ ಒಬ್ಬಳು,
ವೃದ್ಧಾಶ್ರಮದ ಸಮವಸ್ತ್ರ, ಜೇಬಿನ ಮೇಲೆ ದಾರದಲ್ಲಿ 'ಗೆಸಿನೆ'.
ಎರಡು ಪಾಳಿ ಒಟ್ಟಿಗೆ ಮುಗಿಸಿದವರ ಕಣ್ಣು,
ಯಾವುದನ್ನೂ ನೋಡದೆ ಎಲ್ಲವನ್ನೂ ನೋಡುವ ಕಣ್ಣು.
ಗೋಡೆಗೆ ಬೆರಳಿಟ್ಟು ಕೇಳಿದಳು, ನನ್ನನ್ನೋ, ತನ್ನನ್ನೋ:
'ಈ ಒಂದು ಹಲಗೆ ಯಾಕೆ ತಲೆಕೆಳಗಾಗಿದೆ?'

ಕಿಟಕಿಯಿಂದ ಏಳನೆಯದು.
ಉಳಿದೆಲ್ಲದರಲ್ಲಿ ಮರದ ಗೆರೆ ಮೇಲಕ್ಕೆ ಹರಿದರೆ
ಇದೊಂದರಲ್ಲಿ ಕೆಳಕ್ಕೆ.
ತಪಾಸಣೆಯವರು ನೋಡಲಿಲ್ಲ, ಛಾಯಾಗ್ರಾಹಕರು ನೋಡಲಿಲ್ಲ,
ದುಬಾರಿ ಟಿಕೆಟ್ಟಿನವರು ಕಾಗದದಿಂದ ತಲೆಯೆತ್ತಿದ್ದರೆ ತಾನೇ.

ಆ ಬೆಳಿಗ್ಗೆ ಮಿರ್ಸಾದನಿಗೆ ಒಂದು ಫೋನು ಬಂದಿತ್ತು.
ತಮ್ಮ ಸಿಕ್ಕಿದನಂತೆ,
ಆ ವರ್ಷಗಳಲ್ಲಿ ಆ ಕಡೆ ಜನ ಸಿಗುತ್ತಿದ್ದ ರೀತಿಯಲ್ಲಿ.
ಬಂದು, ಅಂಟು ಸವರಿ, ಹಲಗೆ ಒತ್ತಿ ಹಿಡಿದು ನಿಂತ.
ಹತ್ತು ನಿಮಿಷ ಹಿಡಿದರೆ ಸಾಕು.
ಒಂದು ಗಂಟೆ ಹಿಡಿದ.
ತಪ್ಪು ಲೋರೆಂಟ್ಸ್‌ಗೂ ಕಂಡಿತ್ತು, ನನಗೂ.
ಲೋರೆಂಟ್ಸ್ ಎಂದ: 'ಒಣಗಲಿ, ಬಿಡು.'

ಅವಳಿಗೆ ಇಷ್ಟೇ ಹೇಳಿದೆ:
'ಅವತ್ತು ಒಂದು ಫೋನು ಬಂದಿತ್ತು.'
ಅವಳು ಮುಂದೆ ಕೇಳಲಿಲ್ಲ.
ರಾತ್ರಿ ಮೂರಕ್ಕೆ ಮನೆಮನೆಗೆ ಫೋನು ಮಾಡುವ ಕೆಲಸದವಳು.
ತಲೆಯಾಡಿಸಿ, ಅದೇ ಹಲಗೆಗೆ ಒರಗಿ, ನಿದ್ದೆಹೋದಳು.

ಬ್ರೆಮೆನ್‌ನಲ್ಲಿ ದಡಬಡಿಸಿ ಇಳಿದಳು, ಕೊಡೆ ಮರೆತು, ಮತ್ತೆ ಬಂದು.
ಹಲಗೆಯ ಮೇಲೆ ಅವಳ ಕೂದಲಿನ ಜಿಡ್ಡು,
ಅಂಗೈಯಗಲದ ಮಬ್ಬು.
ಐವತ್ತು ವರ್ಷದ ಅಭ್ಯಾಸ, ಒರೆಸಲು ಕರವಸ್ತ್ರ ತೆಗೆದೆ.
ಮೂಗು ಒರೆಸಿಕೊಂಡು ಒಳಗಿಟ್ಟೆ.