ಯಂತ್ರ ಓದದ ಸಾಲು

ಬಂದರು ಮುಚ್ಚಿದೆ ಅಂತ ರೇಡಿಯೊ ಹೇಳಿತು.
ಬಡಗಣ ಗಾಳಿ, ನಾಳೆ ಮಧ್ಯಾಹ್ನದವರೆಗೆ ದೋಣಿ ಇಲ್ಲ.
ಕೆಯ್ಯೋನಿನ ಟಿಕೆಟ್ ಕಚೇರಿಯಲ್ಲಿ ನಾನು, ಒಲೆ,
ಒಲೆಯ ಮೇಲೊಂದು ಕೆಟಲು, ಮತ್ತೆ ಈ ಕಂಪ್ಯೂಟರು.
ಕಂಪನಿ ದುಡ್ಡು ಬಿಚ್ಚಲಿಲ್ಲವೆಂದು
ಯಾವ ಕಾಲದಲ್ಲೋ ಇದರೊಳಗೆ ಲಿನಕ್ಸ್ ಹೊಕ್ಕಿತ್ತು.
ದಿನಾ ಬೆಳಿಗ್ಗೆ ಕೇಳುತ್ತಿತ್ತು: ಹೊಸ ಆವೃತ್ತಿ ಬಂದಿದೆ,
ಅಪ್‌ಗ್ರೇಡ್ ಮಾಡಲೇ?
ದಿನಾ ಬೆಳಿಗ್ಗೆ ಹೇಳುತ್ತಿದ್ದೆ: ಆಮೇಲೆ.
ಹಂದಿಮರಿ ಕಂಕುಳಲ್ಲಿ ಹಿಡಿದವರು ಕಿಟಕಿಗೆ ಮುತ್ತಿರುವಾಗ
ಯಾರಿಗೆ ಬೇಕು ಹೊಸದು?

ಇವತ್ತು ಹೂಂ ಅಂದೆ.

ಸಾವಿರದ ಎಂಟುನೂರ ನಲವತ್ತೊಂದು ಪ್ಯಾಕೇಜು.
ಉಳಿದಿರುವುದು ಹತ್ತು ನಿಮಿಷ, ಅಂದಿತು.
ನಾಲ್ಕು ಗಂಟೆ, ಅಂದಿತು.
ಮತ್ತೆ ಹತ್ತೇ ನಿಮಿಷ.
ನಮ್ಮ ಕಪ್ತಾನರ ಹಾಗೇ: ಸುಳ್ಳಲ್ಲ, ಆಸೆ.
ಸಾಲುಗಳು ಬುಡದಿಂದ ಹುಟ್ಟಿ ಮೇಲೇರಿ ಮರೆಯಾದವು,
ಬಿಚ್ಚುತ್ತಿದೆ, ಜೋಡಿಸುತ್ತಿದೆ, ಬಿಚ್ಚುತ್ತಿದೆ.
ಹೆಸರೇ ಕೇಳಿರದ ಅಷ್ಟೊಂದು ಕೆಲಸದಾಳುಗಳು
ಇಷ್ಟು ದಿನ ನನ್ನ ಮೇಜಿನಡಿಯಲ್ಲೇ ಇದ್ದರು;
ಒಬ್ಬೊಬ್ಬರಾಗಿ ಅಂಗಿ ಬದಲಿಸಿಕೊಂಡು
ಮತ್ತೆ ಅದೇ ಕೆಲಸಕ್ಕೆ ನಿಂತರು.

ಶೇಕಡ ಅರವತ್ತೊಂದಕ್ಕೆ ತಡೆಯಿತು.

ಪ್ರಿಂಟರಿನ ಕಡತವನ್ನು ಯಾರೋ ತಿದ್ದಿದ್ದಾರೆ, ಅಂದಿತು.
ನಮ್ಮ ಹೊಸದನ್ನು ಹಾಕಲೇ?
ನಿಮ್ಮ ಹಳೆಯದನ್ನೇ ಇಟ್ಟುಕೊಳ್ಳುವಿರಾ?
ವ್ಯತ್ಯಾಸ ನೋಡುವಿರಾ?

ತಿದ್ದಿದವಳು ನಾನಲ್ಲ.
ತೋರಿಸು, ಅಂದೆ.

ಕಳೆಯುವ ಗುರುತಿನ ಪಕ್ಕ ನಾಲ್ಕು ಸಾಲು.
ಸಾಲಿನ ತಲೆಗೊಂದು ಬೇಲಿಯ ತುಂಡಿನಂಥ ಚಿಹ್ನೆ.
ಅದಿದ್ದರೆ ಯಂತ್ರ ಓದುವುದಿಲ್ಲ, ದಾಟಿಹೋಗುತ್ತದೆ;
ಮನುಷ್ಯರಿಗೆ ಮನುಷ್ಯರು ಬರೆದಿಡುವ ಜಾಗ ಅದು.

# ಇದಕ್ಕೆ ಥಂಡಿ ಆಗಿಬರುವುದಿಲ್ಲ. ಕಾಯಬೇಕು, ಬೈಯಬಾರದು.
# ದೋನ್ಯಾ ರೊಸಾಲ್ಬಾ ಟಿಕೆಟ್ಟು ಎರಡು ಸಲ ಅಚ್ಚಾದರೆ
# ಒಂದಕ್ಕೇ ದುಡ್ಡು ತಗೋ. ಆಕೆ ಎಣಿಸುವುದಿಲ್ಲ.
# ನೋ. ಓ. ಆಗಸ್ಟ್. ವಿಪರೀತ ಗಾಳಿ.

ನೊಲ್ಬೆರ್ತೊ ಒಯಾರ್ಸೊ.
ಮೂರು ವರ್ಷ ಪಕ್ಕದ ಕುರ್ಚಿ.
ನಾವಾಡಿದ ಮಾತೆಲ್ಲ ಬರೆದರೆ
ಒಂದು ಟಿಕೆಟ್ಟಿನ ಹಿಂಬದಿಗೆ ಸಾಲುತ್ತಿತ್ತು.

ಕಂಪ್ಯೂಟರನ್ನು ಅದರ ಪ್ರಶ್ನೆಯ ಜೊತೆ ಬಿಟ್ಟು
ಕೋಟು ತಲೆಗೆಳೆದು ರಸ್ತೆ ದಾಟಿದೆ.
ನಿವೃತ್ತನಾದ ಮೇಲೆ ಅಕ್ಕನ ಅಂಗಡಿಯಲ್ಲಿ
ಮಿಲ್ಕಾವೊ ರೊಟ್ಟಿಗೆ ಆಲೂಗಡ್ಡೆ ತುರಿಯುತ್ತಾನೆ.
ಚೀಟಿ ಕೊಟ್ಟೆ. ಕನ್ನಡಕ ಹುಡುಕಿದ,
ಹಣೆಯ ಮೇಲೇ ಇತ್ತು.
ಓದಿದ.
"ನಾನು ಬರೆದದ್ದಾ? ಇಲ್ಲಪ್ಪ."
ಇನ್ನೊಮ್ಮೆ ಓದಿ, "ಯಾರೋ ಒಳ್ಳೆಯವನು," ಅಂದ.
"ನೋ. ಓ. ಅಂತಿದೆಯಲ್ಲ?"
"ಈ ಊರಲ್ಲಿ ಒಯಾರ್ಸೊಗಳಿಗೆ ಬರವೇ?"
ತುರಿಯುವುದಕ್ಕೆ ತಿರುಗಿದವನು, ನೆನಪಾದಂತೆ,
"ಆ ಪ್ರಿಂಟರ್ ಇನ್ನೂ ಇದೆಯಾ?"
"ಇದೆ. ಗೊರಗೊರ ಅನ್ನುತ್ತದೆ."
"ಥಂಡಿ ಕಣೆ, ಎದುವಿ. ಕಾಯಬೇಕು.
ಬೈಯಬೇಡ."

ಎರಡು ರೊಟ್ಟಿ ಕಾಗದದಲ್ಲಿ ಸುತ್ತಿದ,
ಒಂದಕ್ಕೇ ದುಡ್ಡು ತಗೊಂಡ.

ವಾಪಸು ಬಂದಾಗ ಕರ್ಸರು
ಬಿಟ್ಟಲ್ಲೇ ಮಿಣುಕುತ್ತಿತ್ತು.
ಕೆಳಗೆ ಸಣ್ಣದಾಗಿ ಬರೆದಿತ್ತು, ಆಗ ನೋಡಿರಲಿಲ್ಲ:
ಏನೂ ಹೇಳದೆ ಎಂಟರ್ ಒತ್ತಿದರೆ
ಹಳೆಯದೇ ಉಳಿಯುತ್ತದೆ.

ಒತ್ತಿದೆ. ಗುಂಡಿಗೆ ಹಂದಿಕೊಬ್ಬಿನ ಜಿಡ್ಡು ಮೆತ್ತಿತು.

ಕತ್ತಲಾಗುವ ಹೊತ್ತಿಗೆ ಮುಗಿಯಿತು. ಪರದೆಗೆ ಹೊಸ ನೇರಳೆ ಬಣ್ಣ,
ಗಡಿಯಾರ ಬೇರೆ ಮೂಲೆಯಲ್ಲಿ.
ಇದ್ದ ಜಾಗದಲ್ಲಿ ಕಡತ ಹುಡುಕಿ
ಕೈ ನಾಲ್ಕು ಸಲ ಬರಿದಾಗಿ ಬಂತು;
ಐದನೆಯ ಸಲ ಕೈಗೇ ನಗು ಬಂತು.

ನಾಳೆಯ ಮೊದಲ ಟಿಕೆಟ್ಟನ್ನು ಪರೀಕ್ಷೆಗೆ ಕಳಿಸಿದೆ.
ಹಸಿರು ದೀಪ.
ಕೆಮ್ಮು.
ಮತ್ತೆ ಮೌನ.
ಹೊರಗೆ ಗಾಳಿ ಲಂಗರಿನ ಸರಪಳಿ ಎಣಿಸುತ್ತಿತ್ತು,
ಲೆಕ್ಕ ತಪ್ಪಿ, ಮೊದಲಿಂದ.

ಎರಡನೆಯ ರೊಟ್ಟಿ ಬಿಚ್ಚಿದೆ.
ಬೈಯಲಿಲ್ಲ.