ಮೂಕರ್ಜಿ

ತಾಲ್ಲೂಕು ಕಚೇರಿ ಮುಂದೆ, ಬೇವಿನ ಬುಡದಲ್ಲಿ
ಮಡಚುವ ಮೇಜು ಹಾಕಿ ಅಪ್ಪ ಅರ್ಜಿ ಬರೆಯುತ್ತಿದ್ದ.
ಬಲಗೈಯಲ್ಲಿ ಬರೆದರೆ ಎರಡು ರೂಪಾಯಿ,
ಎಡಗೈಯಲ್ಲಿ ಐದು.
ಎಡಗೈಯದು ಮೂಕರ್ಜಿ.
ಹೆಸರಿಲ್ಲ, ಕೇರಿಯಿಲ್ಲ, ಕೆಳಗೆ ರುಜುವಿಲ್ಲ.

ಒತ್ತಕ್ಷರ ತಪ್ಪಿದರೆ ನನ್ನ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದವನು
ಮೂಕರ್ಜಿಯಲ್ಲಿ ಬೇಕೆಂದೇ ತಪ್ಪುತ್ತಿದ್ದ.
ಸಂಜೆ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ
ಹೊಳೆದಂಡೆಯ ಡಬ್ಬಿಗೆ ಹಾಕಿ ಬರುತ್ತಿದ್ದ,
ಮೊಹರಿನಲ್ಲಿ ದಾವಣಗೆರೆ ಕಾಣಬಾರದೆಂದು.
ಬಸ್ ಚಾರ್ಜು ಬೇರೆ.

"ನಮ್ಮ ಅಕ್ಷರ ಬಚ್ಚಿಡೋದು ಸುಲಭ ಕಣವ್ವಾ.
ಬಚ್ಚಿಡೋಕೆ ಹೋಗಿ ಇನ್ನೊಬ್ಬರ ಅಕ್ಷರ ಆಗಬಾರದು.
ಯಾರದೂ ಅಲ್ಲದ ಅಕ್ಷರ ಬರೀಬೇಕು.
ಅದಕ್ಕೇ ಐದು ರೂಪಾಯಿ."

ನಾನೀಗ ಮಾರ್ಕೆಟ್ ಯಾರ್ಡ್ ರಸ್ತೆಯ ವೇಬ್ರಿಜ್ಜಿನಲ್ಲಿ
ಚೀಟಿ ಮುದ್ರಿಸುತ್ತೇನೆ.
ಮೆಕ್ಕೆಜೋಳದ ಲಾರಿ ಹತ್ತುತ್ತದೆ, ಅಂಕಿ ನಡುಗುತ್ತದೆ,
ನಲವತ್ತು ಕೆಜಿ ಕೆಳಗೆ ಬಂದು ನಿಲ್ಲುತ್ತದೆ.
ಮೇಜಿನಡಿ ಒಂದು ಬಟನ್ ಇದೆ.
ಒತ್ತುವುದು ನಾನೇ.

ಒಂದು ರಾತ್ರಿ ಮಾಳಿಗೆ ಹತ್ತಿ, ಫೋನಿನ ಬೆಳಕಿಗೆ ಸೆರಗು ಮರೆ ಮಾಡಿ
ಹೆಸರಿಲ್ಲದ ಮೇಲ್ ಪೆಟ್ಟಿಗೆ ತೆರೆದೆ.
ಹುಟ್ಟಿದ ದಿನ ಕೇಳಲಿಲ್ಲ, ನಂಬರು ಕೇಳಲಿಲ್ಲ,
ಗಂಡನ ಹೆಸರು ಕೇಳಲಿಲ್ಲ.
ಏನೂ ಕೇಳದ ಬಾಗಿಲು ಜೀವಮಾನದಲ್ಲಿ ಅದೇ ಮೊದಲು.
ಏಳು ಅಕ್ಷರ, ನಾಲ್ಕು ಅಂಕಿ, ಕರೆಯಲು ಬಾರದ ಹೆಸರೊಂದು ಕೊಟ್ಟಿತು.

ಫೋಟೋದ ಹೊಟ್ಟೆಯಲ್ಲಿ ಊರು, ಹೊತ್ತು ಅಡಗಿರುತ್ತವಂತೆ.
ತೊಳೆದೆ. ಅದು ನನ್ನ ಹರಿಹರದ ಬಸ್ಸು.
'ಹಂಗೆ' ಇದ್ದಲ್ಲಿ 'ಹಾಗೆ' ಮಾಡಿದೆ. 'ರೀ' ಎಲ್ಲ ಅಳಿಸಿದೆ.
ಪಾಠದ ಪುಸ್ತಕ ಮಾತಾಡಿದಂತಾಯಿತು.
ಒಂದು ಕಡೆ ಮಾತ್ರ, ಉಪ್ಪಿನ ಹರಳಿನಷ್ಟು:
ತಕ್ಕಡಿಗೆ ತಾಯಿಲ್ಲ.

ಅಪ್ಪನ ಮೂಕರ್ಜಿಗೆ ಉತ್ತರ ಬರುತ್ತಿರಲಿಲ್ಲ,
ಬಂದು ಇಳಿಯಲು ಅದಕ್ಕೆ ಮನೆ ಎಲ್ಲಿ?
ನನಗೆ ಬಂತು.
'ಮಾನ್ಯರೇ' ಎಂದಿತ್ತು.
ಆ ಒಂದು ಪದವನ್ನೇ ಎಷ್ಟೋ ಹೊತ್ತು ಓದಿದೆ.
'ಹೆಸರು, ವಿಳಾಸ ತಿಳಿಸಿ. ಗೌಪ್ಯವಾಗಿ ಇಡಲಾಗುವುದು.'
ಗೌಪ್ಯ ಅಂದರೆ ಚಾದಂಗಡಿ ತನಕ,
ಅಪ್ಪ ಇದ್ದಿದ್ದರೆ ನಗುತ್ತಿದ್ದ.
ತಿಳಿಸಲಿಲ್ಲ.

ಆಮೇಲೆ ಜೀಪು ಬಂತು. ತೂಕದ ಕಲ್ಲು ಇಳಿಸಿದರು,
ಸೀಲು ಒತ್ತಿದರು, ದಂಡ ಬರೆದರು.
ಒಂಬತ್ತನೇ ದಿನ ಸೀಲು ತೆಗೆದರು.
ಹತ್ತನೇ ದಿನ ಸಾಹುಕಾರರ ಗಾಜಿನ ಮೇಜಿನ ಮೇಲೆ
ನನ್ನ ಮೇಲು, ಕಾಗದವಾಗಿ.
ಒಂದು ಸಾಲಿನ ಕೆಳಗೆ ಕೆಂಪು ಗೆರೆ.

"ತಕ್ಕಡಿಗೆ ತಾಯಿಲ್ಲ ಅನ್ನೋನು ಯಾವನೋ ಇಲ್ಲಿ?"

ಹಲಗೆಯ ಧೂಳು ಗುಡಿಸುವ ತಿಪ್ಪೇಶಿ.
ಲಾರಿ ಹತ್ತಿದಾಗಲೆಲ್ಲ ಬೀಡಿ ತುಟಿಯಿಂದ ತೆಗೆದು
ಅನ್ನುತ್ತಿದ್ದನಲ್ಲ!
ಆರು ವರ್ಷ ಕೇಳಿ ಕೇಳಿ
ಊರ ಗಾದೆ ಅಂದುಕೊಂಡಿದ್ದೆ.
ಅವನಿಗೆ ಮೇಲ್ ಅಂದರೆ ರೈಲು.
ಪೊರಕೆ ಗೋಡೆಗೆ ಒರಗಿಸಿ, ಟವೆಲ್ ಕೊಡವಿ,
ನನ್ನ ಕಡೆ ನೋಡಿ "ಬರ್ತೀನಕ್ಕಾ" ಅಂದು ಹೋದ.

ಈಗ ಮತ್ತೆ ಮಾಳಿಗೆ.
'ಆ ಪತ್ರ ತಿಪ್ಪೇಶಿ ಬರೆದದ್ದಲ್ಲ.'
ಬಾಯಿಲ್ಲದ್ದು ಸಾಕ್ಷಿ ಹೇಳಿದರೆ ಯಾರು ನಂಬುತ್ತಾರೆ?
ಅಳಿಸಿದೆ. ನನ್ನದೇ ಹಳೇ ಪೆಟ್ಟಿಗೆ ತೆರೆದೆ,
ನನ್ನ ಫೋಟೋ ಇರುವುದು, ಎಲ್ಲರಿಗೂ ಗೊತ್ತಿರುವುದು.
'ಹಂಗೆ' ಅಂತಲೇ ಬರೆದೆ. 'ರೀ' ಸೇರಿಸಿದೆ.
ಬಟನ್ ಒತ್ತಿದ್ದು ಯಾರು ಅಂತಲೂ ಬರೆದೆ.
ಒತ್ತಕ್ಷರ ಎರಡು ಸಲ ನೋಡಿದೆ.
ಕೆಳಗೆ ಖಾಲಿ ಜಾಗದಲ್ಲಿ
ಕಡ್ಡಿಯೊಂದು ಮಿಣುಕುತ್ತಾ ನಿಂತಿದೆ.

ಅಪ್ಪಾ,
ಬಲಗೈಗೆ ಯಾಕೆ
ಎರಡೇ ರೂಪಾಯಿ ತಗೊಳ್ತಿದ್ದೆ?