ಮೂವತ್ತಾರನೆಯದು

ಮೊನ್ನೆ ರಾತ್ರಿ ಗಡಿಯಾರದಿಂದ ಒಂದು ಗಂಟೆ ಕಿತ್ತರು.
ಚಳಿಗಾಲ ಮುಗಿಯಿತೆಂದು ಸರ್ಕಾರಿ ಲೆಕ್ಕ.
ನನ್ನ ರಾತ್ರಿಪಾಳಿ ಅಷ್ಟು ಗಿಡ್ಡವಾಯಿತು,
ಸಂಬಳವೂ.
ಇವತ್ತು ನಿದ್ದೆ ಅರ್ಧಕ್ಕೇ ಬಿಟ್ಟು ಪೇಟೆಗೆ ಬಂದೆ,
ಕೋಟಿನೊಳಗೆ ಕ್ಯಾಮೆರಾ,
ಅದರೊಳಗೆ ಮೂವತ್ತಾರು ಮನೆಯ ರೀಲು.

ಲೀಡ್ಸ್ ಗುಂಡಿ ಬಿಚ್ಚಿ ಕೂತಿದೆ.
ಟೌನ್ ಹಾಲಿನ ಮೆಟ್ಟಿಲ ಮೇಲೆ ಆಫೀಸಿನವರು
ಪ್ಯಾಂಟು ಮಂಡಿಗೇರಿಸಿ ಬಿಸಿಲಿಗೊಡ್ಡಿದ್ದಾರೆ
ಐದು ತಿಂಗಳು ಡ್ರಾಯರಿನಲ್ಲಿಟ್ಟಿದ್ದ ಕಾಲುಗಳನ್ನು.
ಕಲ್ಲುಸಿಂಹದ ಪಂಜಕ್ಕೆ ಯಾರೋ ಕಳಚಿ ಸಿಕ್ಕಿಸಿದ ಮಫ್ಲರು.
ಅಜ್ಜನೊಬ್ಬ ಉಣ್ಣೆಗವಸಿನಲ್ಲೇ ಐಸ್‌ಕ್ರೀಮು ಹಿಡಿದು
ಕರಗಲಿ ಎಂದು ಕಾಯುತ್ತಿದ್ದಾನೆ;
ಅದು ಕರಗುತ್ತಿಲ್ಲ.
ಹೊಡೆದೆ. ಇನ್ನೊಂದು ಹೊಡೆದೆ.

ಫೋಟೊ ಹೊಡಿ ಅಂತಿದ್ದರು ಹೊಸಪೇಟೆಯಲ್ಲಿ, ಸೊಳ್ಳೆ ಹೊಡೆದ ಹಾಗೆ.
ಪತ್ರಿಕೆಯವರು ಸೆರೆ ಹಿಡಿಯುತ್ತಾರೆ, ಪೊಲೀಸರ ಹಾಗೆ.
ಅಮ್ಮ ಮಾತ್ರ ತೆಗೆ ಅನ್ನುತ್ತಿದ್ದಳು,
ಅಂಗಾಲಿನ ಮುಳ್ಳಿಗೂ ಡಬ್ಬಿಯ ಮುಚ್ಚಳಕ್ಕೂ ಅದೇ ಮಾತು.
ಇಲ್ಲಿ, ಬೀದಿಯಲ್ಲಿ, ಯಾರನ್ನೂ ಕೇಳದೆ ಮಾಡುತ್ತಿರುವುದಕ್ಕೆ
ಯಾವುದನ್ನು ಬಳಸಲಿ,
ಇನ್ನೂ ತೀರ್ಮಾನಿಸಿಲ್ಲ.

ರಾತ್ರಿಯೆಲ್ಲ ನಾನು ಕೇಳಿಯೇ ತೆಗೆಯುವವಳು.
ಹೆಸರು? ಹುಟ್ಟಿದ ತಾರೀಖು? ಬಸುರಿಯೇ?
ಸರ ಬಿಚ್ಚಿಡಿ, ಗಲ್ಲ ಮೇಲೆ,
ಉಸಿರು ಎಳೆದುಕೊಳ್ಳಿ, ಹಿಡಿಯಿರಿ, ಹಿಡಿಯಿರಿ,
ಈಗ ಬಿಡಿ.
ಪಕ್ಕೆಲುಬಿಗೆ ಮುಖಭಾವವಿಲ್ಲ.
ಅದಕ್ಕೇ ಇರಬೇಕು, ಹಗಲಾದರೆ ಈ ಚರ್ಮದ ಹಸಿವು.

ಮಾರ್ಕೆಟ್ಟಿನ ಹಿಂಬಾಗಿಲಲ್ಲಿ
ಮೀನಂಗಡಿಯ ಹುಡುಗ ಕ್ರೇಟಿನ ಮೇಲೆ ಕೂತು
ಕಣ್ಣುಮುಚ್ಚಿ ಮುಖವನ್ನು ಸೂರ್ಯನಿಗೆ ಕೊಟ್ಟಿದ್ದ,
ಮೊಣಕೈವರೆಗೂ ಹುರುಪೆ ಮಿನುಗುತ್ತಿತ್ತು.
ಮೂವತ್ತೈದು.
ಷಟರಿನ ಸದ್ದಿಗೆ ಕಣ್ಣು ಬಿಟ್ಟ.
ತೆಗೆದೆಯಾ? ತೋರಿಸು.
ತೋರಿಸಲಾಗದು, ರೀಲು, ಮೊದಲು ತೊಳೆಯಬೇಕು ಎಂದೆ.
ನಾನೂ ಕೈ ತೊಳೆದಿರಲಿಲ್ಲ, ಎಂದ.
ಕೋಪವಲ್ಲ. ಕೋಪವಾಗಿದ್ದರೆ ಓಡಬಹುದಿತ್ತು.

ಒಳಹೋಗಿ ಬಂದ. ಒದ್ದೆ ಕೂದಲು, ಬಾಚಿದ ಗೆರೆ,
ಏಪ್ರನ್ನು ತಿರುಗಿಸಿ ಕಟ್ಟಿದ್ದಾನೆ, ರಕ್ತವಿಲ್ಲದ ಮಗ್ಗುಲು ಹೊರಗೆ.
ಹೆಸರು ಡೆಕ್ಲನ್. ಅಮ್ಮನಿಗೊಂದು ಪ್ರತಿ ಬೇಕಂತೆ.
ಎದೆ ಉಬ್ಬಿಸಿ, ತುಟಿ ಬಿಗಿದು,
ಪಾಸ್‌ಪೋರ್ಟಿನವನ ಹಾಗೆ ನಿಂತ.
ನನ್ನಲ್ಲಿ ಉಳಿದದ್ದು ಒಂದೇ ಮನೆ.
ಅವನ ಹಿಂದೆ ಗೋಡೆಗೆ ಬಿದ್ದ ಬಿಸಿಲು ಕೂಡ
ಅಟೆನ್ಷನ್ನಿನಲ್ಲಿ ನಿಂತಂತಿತ್ತು.

ಹೊಡೆಯಲು ಮನಸ್ಸಿಲ್ಲ, ಹಿಡಿಯಲೂ.
ಹನ್ನೊಂದು ವರ್ಷದ ರೂಢಿ, ಬಾಯಿ ತಾನಾಗಿ ಅಂದುಬಿಟ್ಟಿತು:
ಈಗ ಉಸಿರು ಬಿಡಿ.

ಬಿಟ್ಟ.
ಹೆಗಲು ಇಳಿಯಿತು, ಹೊಟ್ಟೆ ಮುಂದೆ ಬಂತು,
ಬಾಯಿಂದ ಒಂದು ಎಳೆ ಹಬೆ, ಎಷ್ಟೆಂದರೂ ಮಾರ್ಚು,
ಇವಳ್ಯಾಕೆ ಹೀಗಂದಳು ಎಂದು
ಒಂದು ಹುಬ್ಬು ಅರ್ಧ ಎದ್ದಿತು.

ತೆಗೆದೆ.

ಆಮೇಲೆ ಎರಡು ಬಂಗುಡೆ ಕಟ್ಟಿಸಿಕೊಂಡೆ.
ಪರಿಚಯವಾಯಿತಲ್ಲ ಎಂದು ಚೌಕಾಸಿ ಮಾಡಿ ನೋಡಿದೆ.
ಉಸಿರು ಬಿಟ್ಟವನು
ಒಂದು ಪೆನ್ನಿ ಬಿಡಲಿಲ್ಲ.